ಬೆಂಗಳೂರಿನ ಸರ್ಕಾರಿ ಪ್ರಾಥಮಿಕ ಶಾಲೆ: ಮಗುವನ್ನು ಸೇರಿಸುವ ಮುಂಚೆ ಏನೇನು ನೋಡಬೇಕು?

ಜೂನ್ ದಾಖಲಾತಿ:
ಮನೆಯಿಂದ ನಡೆದೇ ಹೋಗಬಹುದಾದ ದೂರದಲ್ಲಿ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಇದೆ. ಕನ್ನಡ ಮಾಧ್ಯಮವೂ ಉಂಟು, ಒಂದನೇ ತರಗತಿಯಿಂದ ಇಂಗ್ಲಿಷ್ ವಿಭಾಗವೂ ಉಂಟು. ಮಕ್ಕಳ ಮನೆಮಾತು ತಮಿಳು, ತೆಲುಗು, ಉರ್ದು, ಹಿಂದಿ, ನೇಪಾಳಿ. ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳೂ ಬಹಳ ಇದ್ದಾರೆ. ಪ್ರೈಮರಿಗೆ ಎಸ್ಸೆಸ್ಸೆಲ್ಸಿ ಫಲಿತಾಂಶದಂಥ ಅಂಕಿ ಹೊರಗೆ ಸಿಗುವುದಿಲ್ಲ. ಶಾಲೆಗೆ ಹೋದಾಗ ಏನು ನೋಡಬೇಕು, ಯಾರನ್ನು ಏನು ಕೇಳಬೇಕು? ಬಲ್ಲವರು ವಿವರವಾಗಿ ಬರೆಯಿರಿ.

ಕ್ಲಸ್ಟರ್ ಸುತ್ತುವವರು:
ಮೊದಲು ಕಾಗದದಿಂದ ಶುರು ಮಾಡಿ ಮೇಡಂ. ಪ್ರತಿ ಶಾಲೆಗೂ 11 ಅಂಕಿಯ ಯುಡೈಸ್ ಸಂಖ್ಯೆ (ದೇಶದ ಶಾಲಾ ಮಾಹಿತಿ ಕೋಶದಲ್ಲಿ ಆ ಶಾಲೆಯ ಗುರುತು) ಇರುತ್ತದೆ, ಕರ್ನಾಟಕದ್ದು 29ರಿಂದ ಶುರುವಾಗುತ್ತದೆ. ಸಾಮಾನ್ಯವಾಗಿ ಶಾಲೆಯ ಫಲಕದ ಮೇಲೇ ಬರೆದಿರುತ್ತಾರೆ. ಅದನ್ನು ಯುಡೈಸ್ ಪ್ಲಸ್ ಜಾಲತಾಣದಲ್ಲಿ ಹಾಕಿದರೆ ದಾಖಲಾತಿ, ಶಿಕ್ಷಕರ ಸಂಖ್ಯೆ, ಕೊಠಡಿ, ಶೌಚಾಲಯ, ಗ್ರಂಥಾಲಯ ಎಲ್ಲ ಬರುತ್ತದೆ. ಅದು ಶಾಲೆಯವರೇ ವರ್ಷಕ್ಕೊಮ್ಮೆ ತುಂಬಿದ ಮಾಹಿತಿ. ಪ್ರಶ್ನೆ ಕೇಳಲು ಸಾಕು, ಅದನ್ನೇ ಉತ್ತರ ಎಂದುಕೊಳ್ಳಬೇಡಿ.

ಮುಖ್ಯವಾದದ್ದು ಶಿಕ್ಷಕರ ಲೆಕ್ಕ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿಗೆ 60 ಮಕ್ಕಳವರೆಗೆ ಇಬ್ಬರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು, 121ರಿಂದ 200ಕ್ಕೆ ಐವರು. 150 ದಾಟಿದರೆ ಐವರ ಜೊತೆಗೆ ಮುಖ್ಯ ಶಿಕ್ಷಕರು ಬೇರೆ. 200 ದಾಟಿದರೆ ಒಬ್ಬರಿಗೆ 40 ಮಕ್ಕಳಿಗಿಂತ ಹೆಚ್ಚಾಗಬಾರದು. 6ರಿಂದ ಮೇಲೆ 35 ಮಕ್ಕಳಿಗೆ ಒಬ್ಬರು, ಜೊತೆಗೆ ವಿಜ್ಞಾನ-ಗಣಿತ, ಸಮಾಜ, ಭಾಷೆ ಈ ಮೂರಕ್ಕೂ ಕನಿಷ್ಠ ಒಬ್ಬೊಬ್ಬರು ಇರಬೇಕು.

ಎಡವಟ್ಟಾಗುವುದು ಇಲ್ಲೇ. 130 ಮಕ್ಕಳು, ಐವರು ಶಿಕ್ಷಕರು ಎಂದು ಕಾಗದ ಹೇಳುತ್ತದೆ. ಅದರಲ್ಲಿ ಒಬ್ಬರು ಬೇರೆ ಕಡೆ ನಿಯೋಜನೆ, ಒಬ್ಬರು ಹೆರಿಗೆ ರಜೆ, ಇನ್ನೊಬ್ಬರು ಬಿಎಲ್‌ಒ ಆಗಿ ಮತದಾರರ ಪಟ್ಟಿ ಹಿಡಿದು ಬೀದಿ ಸುತ್ತುತ್ತಿರುತ್ತಾರೆ. ಆಗ ಎರಡು ಮೂರು ತರಗತಿ ಒಂದೇ ಕೊಠಡಿಗೆ ಬರುತ್ತವೆ. ಆದ್ದರಿಂದ ‘ಮಂಜೂರಾದ ಹುದ್ದೆ ಎಷ್ಟು’ ಎಂದು ಕೇಳಿ ಸುಮ್ಮನಾಗಬೇಡಿ. ‘ಇವತ್ತು ಎಷ್ಟು ಜನ ಪಾಠ ಮಾಡುತ್ತಿದ್ದಾರೆ, ಅತಿಥಿ ಶಿಕ್ಷಕರು ಎಷ್ಟು, ಹೋದ ವರ್ಷ ಅವರು ಯಾವ ತಿಂಗಳಲ್ಲಿ ಬಂದರು’ ಎಂದು ಕೇಳಿ. ಅತಿಥಿ ಶಿಕ್ಷಕರ ನೇಮಕ ತಡವಾದ ವರ್ಷ ಮೊದಲ ತಿಂಗಳುಗಳ ಪಾಠವೇ ಹೋಗಿಬಿಡುತ್ತದೆ.

ನಲಿಕಲಿ ಟೀಚರ್:
ಕಾಗದ ಆಯಿತು, ಈಗ 1ರಿಂದ 3ರ ನಲಿ-ಕಲಿ ಕೊಠಡಿಗೆ ಬನ್ನಿ. ಶಾಲೆಯ ಗುಣ ತಿಳಿಯಬೇಕಾದರೆ ನನ್ನ ಪ್ರಕಾರ ಕಚೇರಿಗಿಂತ, ಸ್ಮಾರ್ಟ್ ಕ್ಲಾಸಿಗಿಂತ ಈ ಕೊಠಡಿಯೇ ಹೆಚ್ಚು ಹೇಳುತ್ತದೆ.

ನಲಿ-ಕಲಿ ಶುರುವಾದದ್ದು 1995ರಲ್ಲಿ ಎಚ್.ಡಿ. ಕೋಟೆಯಲ್ಲಿ. ಮೂರು ತರಗತಿಯ ಮಕ್ಕಳು ಒಟ್ಟಿಗೆ, ಆದರೆ ತರಗತಿವಾರು ಅಲ್ಲ, ಕಲಿಕೆಯ ಮಟ್ಟದ ಪ್ರಕಾರ ಕೂರುತ್ತಾರೆ. ಗುಂಪುಗಳು ಐದು: ಶಿಕ್ಷಕರ ಪೂರ್ಣ ಸಹಾಯ ಬೇಕಾದವರು, ಭಾಗಶಃ ಬೇಕಾದವರು, ಗೆಳೆಯರ ಪೂರ್ಣ ಸಹಾಯದವರು, ಭಾಗಶಃ ಗೆಳೆಯರ ಸಹಾಯದವರು, ತಾವಾಗಿ ಕಲಿಯುವವರು. ಗೋಡೆಯ ಮೇಲೆ ಕಲಿಕಾ ಏಣಿ (ಮಗು ಒಂದೊಂದಾಗಿ ದಾಟಬೇಕಾದ ಹಂತಗಳ ಪಟ್ಟಿ), ಕಪಾಟಿನಲ್ಲಿ ಲೋಗೊ ಇರುವ ಕಾರ್ಡುಗಳು, ಪ್ರತಿ ಮಗುವಿನ ಪ್ರಗತಿ ನೋಟ, ಹವಾಮಾನ ನಕ್ಷೆ, ಮೇಲೆ ಮಕ್ಕಳ ಕೆಲಸ ತೂಗುಹಾಕುವ ಚಪ್ಪರ, ನೆಲದ ಮಟ್ಟಕ್ಕೆ ಮಕ್ಕಳೇ ಬರೆಯುವ ಕಪ್ಪುಹಲಗೆ.

ಚೆನ್ನಾಗಿ ನಡೆಯುತ್ತಿದೆ ಎಂದು ತಿಳಿಯುವುದು ಹೀಗೆ:
- ಕಾರ್ಡುಗಳ ಅಂಚು ಸವೆದಿದೆ. ಹೊಸದರಂತೆ ಫಳಫಳ ಇದ್ದರೆ ತಪಾಸಣೆ ದಿನ ಮಾತ್ರ ಹೊರಬರುತ್ತವೆ.
- ಮಗುವನ್ನು ‘ನೀನು ಏಣಿಯಲ್ಲಿ ಎಲ್ಲಿದ್ದೀಯ’ ಎಂದರೆ ತೋರಿಸುತ್ತದೆ.
- ಪ್ರಗತಿ ನೋಟದಲ್ಲಿ ಎಲ್ಲರೂ ಒಂದೇ ಮೆಟ್ಟಿಲಲ್ಲಿ ಇಲ್ಲ. ಎಲ್ಲರ ಗುರುತೂ ಸಾಲಾಗಿ ಒಂದೇ ಕಡೆ ಇದ್ದರೆ ಒಂದೇ ದಿನ ಕೂತು ತುಂಬಿಸಿದ್ದು.
- ಟೀಚರ್ ನೆಲದ ಮೇಲೆ ಮೊದಲ ಗುಂಪಿನ ಹತ್ತಿರ ಕೂತಿದ್ದಾರೆ.

ಇನ್ನೊಂದು ವಿಷಯ, ಪಾಲಕರು ಬಹಳ ಗಾಬರಿ ಬೀಳುವುದು ಇದಕ್ಕೆ. ನಲಿ-ಕಲಿಯಲ್ಲಿ ಅಕ್ಷರ ಅ ಆ ಇ ಈ ಕ್ರಮದಲ್ಲಿ ಬರುವುದಿಲ್ಲ. ಮೊದಲ ಕಂತು ರ ಗ ಸ ದ ಅ, ಆಮೇಲೆ ಜ ವ ಮ ಬ ನ. ಐದೇ ಅಕ್ಷರಕ್ಕೆ ‘ಅರಸ’, ‘ಸರ’, ‘ಗರ’, ‘ದರ’ ಎಂದು ಓದಲು ಬರುತ್ತದೆ. ಆಗಸ್ಟಿನಲ್ಲಿ ಮಗುವಿಗೆ ‘ಈ’ ಗೊತ್ತಿಲ್ಲ ಎಂದು ಮನೆಯಲ್ಲಿ ಬೇರೆ ಕ್ರಮದಲ್ಲಿ ವರ್ಣಮಾಲೆ ತಿದ್ದಿಸಲು ಶುರು ಮಾಡಿದರೆ ಮಗು ಎರಡೂ ಕಡೆ ತಡವರಿಸುತ್ತದೆ.

ಇದಕ್ಕೂ ಒಂದು ಮಿತಿ ಇದೆ. ಒಬ್ಬ ಶಿಕ್ಷಕಿಗೆ 30 ಮಕ್ಕಳಿದ್ದರೆ ನಲಿ-ಕಲಿ ಚೆಂದ. 45 ದಾಟಿದರೆ ಐದು ಗುಂಪು ಸಂಭಾಳಿಸಲಾಗದೆ ಅದು ಸದ್ದಿನ ಕೊಠಡಿಯಾಗುತ್ತದೆ. ಆಗ ಶಿಕ್ಷಕಿಯನ್ನು ದೂರುವುದಲ್ಲ, ಮೇಲೆ ಸರ್ ಕೊಟ್ಟ ಲೆಕ್ಕ ಹಿಡಿದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಬರೆಯಬೇಕು.

ಉರ್ದು-ಕನ್ನಡ:
ಮೂಲ ಪ್ರಶ್ನೆ ಭಾಷೆಯದ್ದು. ಹಲವು ಮನೆಮಾತಿನ ಶಾಲೆಯಲ್ಲಿ ಕನ್ನಡದ ಮಗುವಿಗೆ ನಷ್ಟವೇ ಎಂಬ ಅಳುಕು ಎಲ್ಲರಿಗೂ ಇರುತ್ತದೆ. ಕನ್ನಡ ಬಾರದ ಮಗುವಿಗೆ ಕನ್ನಡ ಹೇಗೆ ಕಲಿಸುತ್ತಾರೆ ಎಂಬುದನ್ನು ನೋಡಿದರೆ ನಿಮ್ಮ ಮಗುವಿಗೂ ಹೇಗೆ ಕಲಿಸುತ್ತಾರೆ ಎಂದು ತಿಳಿಯುತ್ತದೆ.

ಬಲ್ಲ ಶಿಕ್ಷಕರಿಗೆ ಯಾವ ಮನೆಮಾತಿನವರು ಎಲ್ಲಿ ತಡವರಿಸುತ್ತಾರೆಂದು ಗೊತ್ತಿರುತ್ತದೆ. ತಮಿಳು ಮನೆಯ ಮಗು ಕ-ಗ, ತ-ದ, ಪ-ಬ ಅದಲುಬದಲು ಮಾಡುತ್ತದೆ, ಏಕೆಂದರೆ ಆ ಭಾಷೆಯಲ್ಲಿ ಈ ವ್ಯತ್ಯಾಸದಿಂದ ಅರ್ಥ ಬದಲಾಗುವುದಿಲ್ಲ, ಲಿಪಿಯಲ್ಲೂ ಒಂದೇ ಅಕ್ಷರ. ಹಿಂದಿ ಮನೆಯ ಮಗುವಿಗೆ ಎ-ಏ, ಒ-ಓ ಹ್ರಸ್ವ ದೀರ್ಘ ಕಿವಿಗೆ ಬೀಳುವುದಿಲ್ಲ, ಲ-ಳ ಒಂದೇ ಆಗುತ್ತದೆ. ಇದು ದಡ್ಡತನವಲ್ಲ. ಬರೆಸುವ ಮುಂಚೆ ಕೇಳಿಸಬೇಕು: ‘ಕೊಡು-ಕೋಡು’, ‘ಹಲ್ಲಿ-ಹಳ್ಳಿ’ ಇಂಥ ಜೋಡಿ ಹೇಳಿ ಚಿತ್ರ ತೋರಿಸಬೇಕು. ಕಾಪಿ ಪುಸ್ತಕದಲ್ಲಿ ನೂರು ಸಲ ಬರೆಸಿದರೆ ಕೈ ನೋಯುತ್ತದೆ, ಕಿವಿ ತಿದ್ದುವುದಿಲ್ಲ.

ಯಾದಗಿರಿ, ರಾಯಚೂರಿನ ಮಕ್ಕಳದ್ದು ಕನ್ನಡವೇ, ಆದರೆ ಪಠ್ಯದ ಕನ್ನಡವಲ್ಲ. ಅವರ ಮಾತಿಗೆ ಬೇರೆ ಮಕ್ಕಳು ನಕ್ಕಾಗ ಶಿಕ್ಷಕರು ಏನು ಮಾಡುತ್ತಾರೆ ಎಂದು ಗಮನಿಸಿ. ಶಿಕ್ಷಕರೇ ಜೊತೆಗೆ ನಕ್ಕರೆ ಆ ಮಗು ಬಾಯಿ ಮುಚ್ಚುತ್ತದೆ, ಆಮೇಲೆ ಓದಿನಲ್ಲಿ ಹಿಂದೆ ಬೀಳುತ್ತದೆ. ಇದರಲ್ಲಿ ರಾಜಿ ಬೇಡ.

ಎರಡು ಮಾಧ್ಯಮ:
ಇಂಗ್ಲಿಷ್ ವಿಭಾಗದ ಬಗ್ಗೆ ಯಾರೂ ಹೇಳಲಿಲ್ಲ. 2019-20ರಲ್ಲಿ 1,000 ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಶುರು ಮಾಡಿದರು, ಆಮೇಲೆ ಇನ್ನಷ್ಟು ಸೇರಿಸಿದರು. ಒಂದು ವಿಭಾಗಕ್ಕೆ 30 ಮಕ್ಕಳು ಎಂದು ಮಿತಿ ಇಟ್ಟಿದ್ದರು. ಕನ್ನಡ ಭಾಷೆ ಹೇಗೂ ಇರುತ್ತದೆ, ಗಣಿತ ಮತ್ತು ಪರಿಸರ ಅಧ್ಯಯನ ಎರಡೂ ಭಾಷೆಯಲ್ಲಿ. ಬೆಂಗಳೂರಿನಲ್ಲಿ ಪಾಲಕರು ಇದಕ್ಕೇ ಮುಗಿಬೀಳುತ್ತಾರೆ.

ಸೇರಿಸುವ ಮುಂಚೆ ಮೂರು ಪ್ರಶ್ನೆ. ಆ ವಿಭಾಗಕ್ಕೆ ಬೇರೆ ಶಿಕ್ಷಕರಿದ್ದಾರಾ, ಅಥವಾ ಇದ್ದವರಲ್ಲೇ ಒಬ್ಬರಾ? ಅವರು ತರಬೇತಿ ಪಡೆದಿದ್ದಾರಾ? ಈಗ ಆ ವಿಭಾಗ ಯಾವ ತರಗತಿವರೆಗೆ ಬಂದಿದೆ? ಬಹಳ ಕಡೆ ಹೊಸ ಹುದ್ದೆ ಇಲ್ಲದೆ ಇದ್ದವರಿಗೇ ಹಂಚಿದ್ದಾರೆ. ಹಾಗಾದಾಗ ಇಂಗ್ಲಿಷ್ ವಿಭಾಗ ಗಟ್ಟಿಯಾಗಿ, ಕನ್ನಡ ವಿಭಾಗದಲ್ಲಿ ವಲಸೆ ಮಕ್ಕಳಷ್ಟೇ ಉಳಿಯುತ್ತಾರೆ. ಒಂದೇ ಗೇಟಿನೊಳಗೆ ಎರಡು ಶಾಲೆ ಆದಂತೆ. ಆಟ, ಊಟ, ಪ್ರತಿಭಾ ಕಾರಂಜಿಯ ತಂಡ ಎಲ್ಲದರಲ್ಲೂ ಎರಡೂ ವಿಭಾಗದವರು ಬೆರೆಯುತ್ತಾರಾ ನೋಡಿ.

ನಲಿಕಲಿ ಟೀಚರ್:
ಇದಕ್ಕೆ ನನ್ನ ಮಾತೂ ಸೇರಿಸುತ್ತೇನೆ ಸರ್. ಮನೆಯಲ್ಲಿ ಇಂಗ್ಲಿಷ್ ಇಲ್ಲದ ಮಗುವಿಗೆ ಒಂದನೇ ತರಗತಿಯ ಗಣಿತ ಇಂಗ್ಲಿಷಿನಲ್ಲಿ ಹೇಳಿದರೆ ಲೆಕ್ಕ ಅರ್ಥವಾಗಲಿಲ್ಲವೋ ಮಾತು ಅರ್ಥವಾಗಲಿಲ್ಲವೋ ಶಿಕ್ಷಕರಿಗೂ ತಿಳಿಯುವುದಿಲ್ಲ. ಕನ್ನಡ ಮಾಧ್ಯಮದಲ್ಲೂ 2007-08ರಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯ. ಆ ಅವಧಿಯಲ್ಲಿ ಮಕ್ಕಳು ಬಾಯಿ ಬಿಟ್ಟು ಇಂಗ್ಲಿಷ್ ಮಾತಾಡುತ್ತಾರಾ ಎಂದು ನೋಡಿ ನಿರ್ಧರಿಸಿ.

ಎರಡು ಮಾಧ್ಯಮ:
ಒಪ್ಪುವುದಿಲ್ಲ ಟೀಚರ್. ಎಂಟನೇ ತರಗತಿಗೆ ಇಂಗ್ಲಿಷ್ ಮಾಧ್ಯಮಕ್ಕೆ ಹಾಕುವುದು ಖಚಿತ ಎಂದಿರುವ ಮನೆಯವರು ಏಳು ವರ್ಷ ಕನ್ನಡದಲ್ಲಿ ಓದಿಸಿ ಒಮ್ಮೆಲೇ ಬದಲಿಸಿದರೆ ವಿಜ್ಞಾನ, ಸಮಾಜ ಎರಡೂ ಕುಸಿಯುತ್ತವೆ. ಎರಡೂ ಭಾಷೆ ಜೊತೆಗೆ ಸಾಗುವ ವಿಭಾಗ ಅವರಿಗೆ ಮೇಲು. ಆದರೆ ಕಲಿಸುವವರು ನಿಜವಾಗಿ ಎರಡೂ ಭಾಷೆ ಬಳಸಬೇಕು. ಇಂಗ್ಲಿಷ್ ಸಾಲು ಓದಿಸಿ ಬಾಯಿಪಾಠ ಮಾಡಿಸುವ ಕೊಠಡಿಯಾದರೆ ನೀವು ಹೇಳಿದ್ದೇ ಸರಿ.

ಕ್ಲಸ್ಟರ್ ಸುತ್ತುವವರು:
ಎಂಟನೆಯ ಮಾತು ಬಂದದ್ದರಿಂದ: ನಮ್ಮಲ್ಲಿ ಕಿರಿಯ ಪ್ರಾಥಮಿಕ 5ರವರೆಗೆ, ಹಿರಿಯ ಪ್ರಾಥಮಿಕ ಹೆಚ್ಚಿನ ಕಡೆ 7ರವರೆಗೆ, ಕೆಲವೆಡೆ 8. ಕರ್ನಾಟಕ ಪಬ್ಲಿಕ್ ಶಾಲೆಯಾದರೆ ಒಂದೇ ಆವರಣದಲ್ಲಿ ಪಿಯುವರೆಗೆ. ಏಳು ಮುಗಿಸಿದ ಮಕ್ಕಳು ಹೋದ ವರ್ಷ ಯಾವ ಪ್ರೌಢಶಾಲೆಗೆ ಹೋದರು, ಎಷ್ಟು ಜನ ಎಲ್ಲೂ ಸೇರಲಿಲ್ಲ ಎಂದು ಕೇಳಿ. ಈ ಉತ್ತರವನ್ನು ತಡವರಿಸದೆ ಹೇಳುವ ಮುಖ್ಯ ಶಿಕ್ಷಕರು ತಮ್ಮ ಮಕ್ಕಳ ಬೆನ್ನಿಗೆ ಇದ್ದಾರೆ ಎಂದರ್ಥ. ಪಾಲಿಕೆಯ ಶಾಲೆಗಳ ಆಡಳಿತ, ಶಿಕ್ಷಕರ ನೇಮಕ ಬೇರೆ ರೀತಿ ಇರಬಹುದು. ಆದ್ದರಿಂದ ದೂರು ಕೊಡುವ ಕಚೇರಿ ಯಾವುದೆಂದು ಮೊದಲೇ ತಿಳಿದಿರಲಿ.

ಜೂನ್ ದಾಖಲಾತಿ:
ಓದು, ಲೆಕ್ಕ ಹೇಗೆ ಬರುತ್ತದೆ ಎಂದು ಹೊರಗಿನವರು ಅಳೆಯುವುದು ಹೇಗೆ? ಮಕ್ಕಳನ್ನು ನಿಲ್ಲಿಸಿ ಪ್ರಶ್ನೆ ಕೇಳುವುದು ಚೆನ್ನಾಗಿರುವುದಿಲ್ಲ.

ಲೆಕ್ಕದ ಮೇಷ್ಟ್ರು:
ಕೇಳಬೇಡಿ. ಮುಖ್ಯ ಶಿಕ್ಷಕರ ಅನುಮತಿ ಪಡೆದು ನೋಟ್‌ಬುಕ್ ನೋಡಿ. ಮುಂದೆ ಇಟ್ಟಿರುವ ಜಾಣ ಮಗುವಿನದ್ದಲ್ಲ, ರಾಶಿಯ ಮಧ್ಯದಿಂದ ನಾಲ್ಕೈದು.

ಎಲ್ಲ ಪುಸ್ತಕದಲ್ಲೂ ಒಂದೇ ಉತ್ತರ, ಒಂದೇ ತಪ್ಪು ಇದ್ದರೆ ಹಲಗೆಯಿಂದ ನಕಲು. ತಪ್ಪು ಪದದ ಮೇಲೆಯೇ ಕೆಂಪು ಟಿಕ್ ಇದ್ದರೆ ಯಾರೂ ಓದಿ ನೋಡಿಲ್ಲ. ದಿನಾಂಕದ ಅಂತರ ನೋಡಿ: ಮೂರು ವಾರ ಒಂದೂ ಬರಹ ಇಲ್ಲದಿದ್ದರೆ ಶಿಕ್ಷಕರು ಇರಲಿಲ್ಲ, ಇಲ್ಲವೇ ಬೇರೆ ಕೆಲಸದಲ್ಲಿದ್ದರು. ಗಣಿತದಲ್ಲಿ ಬರಿ ಉತ್ತರವೋ, ಮಗು ಹಾಕಿದ ಹಂತವೂ ಇದೆಯೋ? ದಶಕ ತೆಗೆದುಕೊಳ್ಳುವ ಕಳೆಯುವ ಲೆಕ್ಕ ಹುಡುಕಿ. 52ರಲ್ಲಿ 27 ಕಳೆಯುವಾಗ ಮಗು ದೊಡ್ಡ ಅಂಕಿಯಲ್ಲಿ ಚಿಕ್ಕದನ್ನು ಕಳೆದು 35 ಬರೆದಿದ್ದರೆ, ಅದರ ಪಕ್ಕ ಶಿಕ್ಷಕರು ಏನು ಮಾಡಿದ್ದಾರೆ? ಅಡ್ಡಗೆರೆ ಎಳೆದು ಬಿಟ್ಟಿದ್ದಾರಾ, ಕಡ್ಡಿ ಕಟ್ಟು ಬಿಡಿಸಿ ಮತ್ತೆ ಮಾಡಿಸಿದ ಗುರುತಿದೆಯಾ? ನಾನು ಶಾಲೆಗೆ ಅಂಕ ಕೊಡುವುದಾದರೆ ಅರ್ಧ ಅಂಕ ಇದಕ್ಕೇ.

ಎಷ್ಟು ಬಂದಿರಬೇಕು ಎಂಬುದಕ್ಕೆ ಕೇಂದ್ರ ಸರ್ಕಾರದ ಓದು-ಲೆಕ್ಕದ ಕಾರ್ಯಕ್ರಮವಾದ 2021ರ ನಿಪುಣ್ ಭಾರತ್ ಗುರಿಗಳಿವೆ: ಒಂದನೆಯ ಕೊನೆಗೆ 99ರವರೆಗೆ ಸಂಖ್ಯೆ, ನಾಲ್ಕೈದು ಪದದ ಚಿಕ್ಕ ವಾಕ್ಯ, ಎರಡರ ಕೊನೆಗೆ 999, ಮೂರರ ಕೊನೆಗೆ 9,999, ನಿಮಿಷಕ್ಕೆ 60 ಪದ ಅರ್ಥಸಹಿತ ಓದು. ಕನ್ನಡದ ಪದಕ್ಕೆ ವಿಭಕ್ತಿ, ಕ್ರಿಯಾರೂಪ ಸೇರಿ ಉದ್ದವಾಗುವುದರಿಂದ ನಿಮಿಷದ ಎಣಿಕೆಗೆ ಜೋತುಬೀಳಬೇಡಿ. ಓದಿದ್ದನ್ನು ಮಗು ತನ್ನ ಮಾತಿನಲ್ಲಿ ಹೇಳಿದರೆ ಸಾಕು.

4 ಮತ್ತು 5ನೇ ತರಗತಿ ತಪ್ಪದೆ ನೋಡಿ. ನಲಿ-ಕಲಿಯಿಂದ ಬಂದ ಮಗುವಿಗೆ ಇಲ್ಲಿ ಪಠ್ಯಪುಸ್ತಕ, ಹಲಗೆ, ಸಾಲು ಬೆಂಚು. ಮೂರರಲ್ಲಿ ಉಳಿದ ಕೊರತೆ ಇಲ್ಲಿ ಬಯಲಾಗುತ್ತದೆ. ಹಿಂದುಳಿದವರಿಗೆ ಪರಿಹಾರ ಬೋಧನೆ ವೇಳಾಪಟ್ಟಿಯಲ್ಲಿ ಇದೆಯಾ, ಯಾರು ಯಾವ ಅವಧಿಯಲ್ಲಿ ಮಾಡುತ್ತಾರೆ ಕೇಳಿ.

ಎಸ್‌ಡಿಎಂಸಿ ಸದಸ್ಯೆ:
ಹಾಜರಾತಿ ಪುಸ್ತಕ ಬಿಡಬೇಡಿ. ಹೆಸರು 38, ಕೂತವರು 24 ಎಂದಿದ್ದರೆ ಉಳಿದ 14 ಮಕ್ಕಳು ಎಲ್ಲಿ? ಕಟ್ಟಡದ ಕೆಲಸ ಮುಗಿದಾಗ ಕುಟುಂಬ ಇನ್ನೊಂದು ಸೈಟಿಗೆ ಹೋಗುತ್ತದೆ, ಊರಿನ ಜಾತ್ರೆಗೆ ಹೋದವರು ವಾರಗಟ್ಟಲೆ ಬರುವುದಿಲ್ಲ. ಒಳ್ಳೆಯ ಶಾಲೆಯಲ್ಲಿ ಇವರ ಫೋನ್ ನಂಬರ್, ಸೈಟಿನ ಮೇಸ್ತ್ರಿಯ ನಂಬರ್ ಸಮೇತ ಪಟ್ಟಿ ಇರುತ್ತದೆ. ಟಿ.ಸಿ. ತಡವಾಯಿತೆಂದು ಯಾವ ಮಗುವಿಗೂ ದಾಖಲಾತಿ ನಿರಾಕರಿಸುವಂತಿಲ್ಲ. ಶಾಲೆಯನ್ನೇ ಕಾಣದ ಒಂಬತ್ತು ವರ್ಷದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ಮೂರು ತಿಂಗಳಿಂದ ಎರಡು ವರ್ಷದವರೆಗೆ ವಿಶೇಷ ತರಬೇತಿ ಕೊಡಬೇಕು. ಸೇರಿಸಿ ಹಿಂದಿನ ಬೆಂಚಿನಲ್ಲಿ ಕೂರಿಸಿ ಬಿಟ್ಟಿದ್ದರೆ ಆ ತರಗತಿಯ ಎಲ್ಲರ ಪಾಠವೂ ಕುಂಟುತ್ತದೆ.

ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ನಾಲ್ಕರಲ್ಲಿ ಮೂರು ಪಾಲು ಪಾಲಕರಿರಬೇಕು, ಅರ್ಧ ಮಹಿಳೆಯರು. ನಡಾವಳಿ ಪುಸ್ತಕ ನೋಡಲು ಕೇಳಿ. ಸಭೆ ಬೆಳಿಗ್ಗೆ 11ಕ್ಕೆ ಇಟ್ಟರೆ ಕೂಲಿಯವರು ಒಂದು ದಿನದ ದುಡಿಮೆ ಬಿಟ್ಟು ಬರಲಾರರು. ಸಂಜೆ ಅಥವಾ ಶನಿವಾರ ಮಧ್ಯಾಹ್ನ ಇಡುವ ಶಾಲೆಯಲ್ಲಿ ತಮಿಳು, ಉರ್ದು ಮನೆಯ ತಾಯಂದಿರ ಸಹಿ ಕಾಣುತ್ತದೆ.

ದುಡ್ಡಿನ ಲೆಕ್ಕ: ಸಮಗ್ರ ಶಿಕ್ಷಣದ ಶಾಲಾ ಅನುದಾನ ವರ್ಷಕ್ಕೆ 31ರಿಂದ 100 ಮಕ್ಕಳಿಗೆ 25,000 ರೂಪಾಯಿ, 250ರವರೆಗೆ 50,000, 1,000ದವರೆಗೆ 75,000. ಕರೆಂಟು, ಸುಣ್ಣಬಣ್ಣ, ನಲ್ಲಿ ರಿಪೇರಿ, ಚಾಕ್ ಎಲ್ಲ ಇದರಲ್ಲೇ. ಆದ್ದರಿಂದ ಗೋಡೆ ಮಾಸಿದ್ದರೆ ಬೇಸರ ಬೇಡ. ಶುಲ್ಕ ಎಂದು ಏನನ್ನೂ ಕಡ್ಡಾಯವಾಗಿ ಕೇಳುವಂತಿಲ್ಲ. ಪುಸ್ತಕ, ಎರಡು ಜೊತೆ ಸಮವಸ್ತ್ರ, ಶೂ, ಎರಡು ಜೊತೆ ಕಾಲುಚೀಲ ಉಚಿತ. ಎರಡನೇ ಜೊತೆ ಬಟ್ಟೆ ತಡವಾಗುವುದುಂಟು, ಹಳೆಯದು ಒಂದು ಇಟ್ಟುಕೊಂಡಿರಿ.

ಬಿಸಿಯೂಟದ ಕಡೆಯಿಂದ:
ಮಧ್ಯಾಹ್ನ ಹೋಗಿ. 1ರಿಂದ 5ಕ್ಕೆ ಮಗುವಿಗೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ ಲೆಕ್ಕ. ಸಾಂಬಾರಿನಲ್ಲಿ ತರಕಾರಿ ಕಾಣಬೇಕು. ಬೆಳಿಗ್ಗೆ ಕ್ಷೀರಭಾಗ್ಯದ ಹಾಲು 150 ಮಿ.ಲೀ., 18 ಗ್ರಾಂ ಪುಡಿಯಿಂದ. ನೀರು ಹೆಚ್ಚಾದರೆ ಬಣ್ಣದಲ್ಲೇ ಗೊತ್ತಾಗುತ್ತದೆ. ಬೆಂಗಳೂರಿನ ಬಹಳ ಶಾಲೆಗಳಿಗೆ ಊಟ ದೊಡ್ಡ ಅಡುಗೆಮನೆಯಿಂದ ವ್ಯಾನಿನಲ್ಲಿ ಬರುತ್ತದೆ. ಡಬ್ಬಿ ಎಷ್ಟು ಗಂಟೆಗೆ ಬಂತು, ಬಡಿಸುವಾಗ ಬಿಸಿ ಇದೆಯಾ, ಬಡಿಸುವ ಮುಂಚೆ ಶಿಕ್ಷಕರು ರುಚಿ ನೋಡಿ ಪುಸ್ತಕದಲ್ಲಿ ಬರೆದಿದ್ದಾರಾ? ಮೊಟ್ಟೆ ತಿನ್ನದ ಮಗುವಿಗೆ ಬಾಳೆಹಣ್ಣು ಅದೇ ದಿನ ಸಿಗಬೇಕು. ಎಲ್ಲ ಮಕ್ಕಳೂ ಒಂದೇ ಸಾಲಿನಲ್ಲಿ ಕೂತು ಉಣ್ಣಬೇಕು. ಜಾತಿ, ಧರ್ಮ, ಮಾಧ್ಯಮ ನೋಡಿ ಸಾಲು ಮುರಿದಿದ್ದರೆ ಆ ಶಾಲೆ ಬೇಡ.

ಶೌಚಾಲಯ: 40 ಮಕ್ಕಳಿಗೆ ಒಂದು ಎಂದು ಲೆಕ್ಕ. ಸಂಖ್ಯೆಗಿಂತ ಚಿಲಕ, ನಲ್ಲಿಯಲ್ಲಿ ನೀರು, ಮಗ್ ನೋಡಿ. ಯಾರು ತೊಳೆಯುತ್ತಾರೆ ಎಂದು ನೇರವಾಗಿ ಕೇಳಿ. ಮಕ್ಕಳಿಂದ ತೊಳೆಸುವುದನ್ನು ಇಲಾಖೆ ನಿಷೇಧಿಸಿದೆ. ಬೀಗ ಹಾಕಿ ಬೀಗದ ಕೈ ಕಚೇರಿಯಲ್ಲಿಟ್ಟಿದ್ದರೆ ಹೆಣ್ಣುಮಕ್ಕಳು ನೀರು ಕುಡಿಯುವುದನ್ನೇ ಬಿಡುತ್ತಾರೆ.

ರ‍್ಯಾಂಪ್:
ವಿಶೇಷ ಅಗತ್ಯದ ಮಗುವಾದರೆ ಬ್ಲಾಕ್ ಮಟ್ಟದಲ್ಲಿ ಬಿಐಇಆರ್‌ಟಿ ಶಿಕ್ಷಕರು, ಅಂದರೆ ಅಂಥ ಮಕ್ಕಳಿಗೆ ನೆರವಾಗುವ ಸಂಪನ್ಮೂಲ ಶಿಕ್ಷಕರು, ಇರುತ್ತಾರೆ. ಅವರು ಆ ಶಾಲೆಗೆ ಕೊನೆಯ ಸಲ ಯಾವಾಗ ಬಂದರು ಎಂದು ಕೇಳಿ. ರ‍್ಯಾಂಪ್ ಇದ್ದರೂ ಕೊನೆಯಲ್ಲಿ ಹೊಸ್ತಿಲು ಇದ್ದರೆ ಗಾಲಿಕುರ್ಚಿ ಹೋಗದು. ಒಂದನೇ ತರಗತಿ ಮಹಡಿಯ ಮೇಲಿದ್ದರೆ ಕೆಳಗೆ ತರಲು ಕೋರಿಕೆ ಕೊಡಿ, ಬಹುತೇಕ ಒಪ್ಪುತ್ತಾರೆ.

ಕ್ಲಸ್ಟರ್ ಸುತ್ತುವವರು:
ದಾಖಲೆ ಬಗ್ಗೆ ಚಿಕ್ಕದಾಗಿ. ಜೂನ್ 1ಕ್ಕೆ 6 ವರ್ಷ ತುಂಬಿರಬೇಕು. 2025-26ರಲ್ಲಿ ಯುಕೆಜಿ ಮುಗಿಸಿದವರಿಗೆ 5 ವರ್ಷ 5 ತಿಂಗಳಿಗೆ ಸಡಿಲಿಸಿದ್ದರು. ನಿಮ್ಮ ವರ್ಷದ ಸುತ್ತೋಲೆ ಕೇಳಿ ನೋಡಿ. ಜನನ ಪ್ರಮಾಣಪತ್ರ, ಫೋಟೊ, ಬೇಕಾದರೆ ಜಾತಿ-ಆದಾಯ ಪತ್ರ ಒಯ್ಯಿರಿ. ವಯಸ್ಸಿನ ದಾಖಲೆ ಇಲ್ಲವೆಂದಾಗಲಿ, ಆಧಾರ್ ಇಲ್ಲವೆಂದಾಗಲಿ ಮಗುವನ್ನು ವಾಪಸು ಕಳಿಸುವಂತಿಲ್ಲ. ಸೇರಿದ ಮೇಲೆ ಸ್ಯಾಟ್ಸ್ ಸಂಖ್ಯೆ (ಇಲಾಖೆಯ ಗಣಕದಲ್ಲಿ ಮಗುವಿನ ಗುರುತಿನ ಸಂಖ್ಯೆ) ಬರೆದಿಟ್ಟುಕೊಳ್ಳಿ. ಹೆಸರಿನ ಕಾಗುಣಿತ, ಹುಟ್ಟಿದ ದಿನ ಅವತ್ತೇ ಪರಿಶೀಲಿಸಿ. ಆಮೇಲೆ ತಿದ್ದಿಸುವುದು ಕಷ್ಟ.

ಜೂನ್ ದಾಖಲಾತಿ:
ಎಲ್ಲರಿಗೂ ತುಂಬ ಧನ್ಯವಾದ. ಕೊನೆಯ ಪ್ರಶ್ನೆ: ಯಾವಾಗ ಹೋಗಲಿ? ಒಳಗೆ ಬಿಡದಿದ್ದರೆ?

ನಲಿಕಲಿ ಟೀಚರ್:
ಫೆಬ್ರವರಿಯ ಯಾವುದಾದರೂ ಮಂಗಳವಾರ ಅಥವಾ ಬುಧವಾರ ಹೋಗಿ ಮೇಡಂ. ಮಾರ್ಚ್ ಆದರೆ ಎರಡನೇ ಸಂಕಲನಾತ್ಮಕ ಮೌಲ್ಯಮಾಪನದ ಗಡಿಬಿಡಿ. ಮೇ ಕೊನೆ, ಜೂನ್ ಮೊದಲ ವಾರ ದಾಖಲಾತಿ ಆಂದೋಲನ, ತೋರಣ ಕಟ್ಟಿರುತ್ತಾರೆ, ಪಾಠ ಶುರುವಾಗಿರುವುದಿಲ್ಲ. ಬೆಳಿಗ್ಗೆ ಪ್ರಾರ್ಥನೆಗೆ ಹದಿನೈದು ನಿಮಿಷ ಮುಂಚೆ ಗೇಟಿನ ಹತ್ತಿರ ನಿಂತು ಯಾರು ಎಷ್ಟು ಗಂಟೆಗೆ ಬರುತ್ತಾರೆ ನೋಡಿ. ಆಮೇಲೆ ಮುಖ್ಯ ಶಿಕ್ಷಕರನ್ನು ಕಂಡು ಅರ್ಧ ಗಂಟೆ ಕೇಳಿ.

ಪಾಠದ ಮಧ್ಯೆ ತರಗತಿಗೆ ಬಿಡುವುದಿಲ್ಲ ಎಂದರೆ ತಪ್ಪು ತಿಳಿಯಬೇಡಿ, ಅದು ಒಳ್ಳೆಯ ಶಿಸ್ತೂ ಹೌದು. ‘ಸಮುದಾಯದತ್ತ ಶಾಲೆ’ ದಿನ ಯಾವಾಗ ಎಂದು ಕೇಳಿ, ಅವತ್ತು ಪಾಲಕರಿಗೆ ಮಕ್ಕಳ ಉತ್ತರ ಪತ್ರಿಕೆ, ಪ್ರಗತಿ ತೋರಿಸುತ್ತಾರೆ. ಅದೂ ಆಗದಿದ್ದರೆ ಸಂಜೆ ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ಕಾಯುವ ಮೂವರು ತಾಯಂದಿರನ್ನು, ಮೂರು ಬೇರೆ ಬೇರೆ ಮನೆಮಾತಿನವರನ್ನು ಆರಿಸಿ ಕೇಳಿ: ‘ಮಗುವಿಗೆ ಏನಾದರೂ ತೊಂದರೆಯಾದಾಗ ಯಾವ ಟೀಚರ್ ಹತ್ತಿರ ಹೋಗುತ್ತೀರಿ?’ ಮೂವರೂ ಒಬ್ಬ ಟೀಚರ್ ಹೆಸರು ಹೇಳಿದರೆ ನಿಮ್ಮ ಮಗುವಿನ ತರಗತಿ ಅವರಿಗೆ ಬರುತ್ತದಾ ಎಂದು ವಿಚಾರಿಸಿ, ಅರ್ಜಿ ತುಂಬಿ.